ಕಡವೆಯ ಕಾಡತೂಸಿಗೆ ದೇವಿಯ ಮುಂದೆ ಚೀಟಿ

ಆಯುಧಪೂಜೆಯ ಬೆಳಿಗ್ಗೆ ಮೆಲ್ಬರ್ನಿನ ವೆರಿಬೀಯ ನಮ್ಮ ಮನೆಯಲ್ಲಿ ನಾನು ಗಂಧ ತೇಯುತ್ತ ಕುಳಿತಿದ್ದೆ. ಹಬ್ಬಕ್ಕೆಂದು ಬಂದಿದ್ದ ನನ್ನ ತಮ್ಮನ ಮಗ ಪ್ರಸನ್ನ, ಚಾಮುಂಡೇಶ್ವರಿಯ ಪಟದ ಕೆಳಗೆ ಮಡಿಸಿದ ಎರಡು ಚೀಟಿಗಳನ್ನಿಟ್ಟು ಕೈಮುಗಿದ. ಒಂದರಲ್ಲಿ 243 ಎಂದು ಬರೆದಿದ್ದಾನಂತೆ, ಇನ್ನೊಂದರಲ್ಲಿ 308.

"ದೊಡ್ಡಪ್ಪ, ಮಂಗಳಾರತಿ ಆದ್ಮೇಲೆ ನೀವೇ ಒಂದು ಎತ್ತಿಬಿಡಿ. ದೇವಿ ಏನು ಕೊಡ್ತಾಳೋ ಅದೇ ಫೈನಲ್."

ಏನು ಫೈನಲ್? ಹೊಸ ಮನೆಯ ನಂಬರೇ? ಕಾರಿನದೇ? ಅಲ್ಲ. ಕಡವೆಗೂ ಕಾಡುಹಂದಿಗೂ ಸಲ್ಲುವ ಒಂದೇ ಕಾಡತೂಸು ಯಾವುದು ಎಂಬುದನ್ನು ಜಗನ್ಮಾತೆ ನಿರ್ಧರಿಸಬೇಕಿತ್ತು!

(ನೀವು ಸರಿಯಾಗಿಯೇ ಓದಿದಿರಿ. ಮೈಸೂರಿನಲ್ಲಿ ಜೀವಮಾನವೆಲ್ಲ ಸಂಸ್ಕೃತ ಪಾಠ ಹೇಳಿ, ಇಂದಿಗೂ ಈರುಳ್ಳಿಗೆ ಹಿಂದುಮುಂದು ನೋಡುವ ಮುದುಕನ ಅಂಕಣದಲ್ಲಿ ಈ ವಾರ ಕಾಡತೂಸಿನ ವಿಚಾರ. ನನಗೂ ಇದು ಬೇಕಿರಲಿಲ್ಲ.)

ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಪ್ರಸನ್ನ ಇರುವುದು ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ. ಅಲ್ಲಿಂದ ಬಹುದೂರದ ಒಳನಾಡಿನ ಹೊಲಗಳಿಗೆ ಹೋಗಿ, ಬೆಳೆಯನ್ನು ಉತ್ತು ಹಾಕುವ ಕಾಡುಹಂದಿಗಳನ್ನು ಹೊಡೆಯುತ್ತಾನೆ, ರೈತರೇ ಕರೆಯುತ್ತಾರೆ. ನನ್ನ ಅಳಿಯ ಶ್ರೀಧರ ಇಲ್ಲಿ ಮೆಲ್ಬರ್ನಿನಲ್ಲಿ ಇಂಜಿನಿಯರ್. ಆಫೀಸಿನ ಗೆಳೆಯರ ಸಹವಾಸದಿಂದ ಅವನಿಗೂ ಬೇಟೆಯ ಹುಚ್ಚು ಹತ್ತಿ, ಲೈಸೆನ್ಸ್ ಮಾಡಿಸಿಕೊಂಡಿದ್ದಾನೆ. ಇನ್ನು ರೈಫಲ್ ಕೊಳ್ಳುವುದೊಂದು ಬಾಕಿ. ಅವನ ಕಣ್ಣು ಇಲ್ಲಿನ ಬೆಟ್ಟಗಳ ಕಡವೆಯ ಮೇಲೆ. ನಮ್ಮ ಬಂಡೀಪುರದ ಅದೇ ಕಡವೆ! ಹಿಂದೆ ಯಾರೋ ಬಿಳಿಯರು ಹಡಗಿನಲ್ಲಿ ತಂದು ಬಿಟ್ಟರಂತೆ. ನಮ್ಮೆಲ್ಲರಿಗಿಂತ ಮೊದಲೇ ಇಲ್ಲಿ ಕಾಯಂ ವಾಸದ ಪಿಆರ್ ಪಡೆದ ಪ್ರಾಣಿ. ಈಗ ಸಂತಾನ ಹೆಚ್ಚಿ ಕಾಡಿನ ಎಳೆಗಿಡಗಳನ್ನೆಲ್ಲ ಮೇಯುತ್ತಿದೆ ಎಂದು ಸರ್ಕಾರವೇ ಬೇಟೆಗೆ ಅನುಮತಿ ಕೊಟ್ಟಿದೆ.

ಇಬ್ಬರೂ ಒಂದೇ ಬಗೆಯ ಕಾಡತೂಸು ಇಟ್ಟುಕೊಂಡರೆ ಅನುಕೂಲ ಎಂದು ಪ್ರಸನ್ನನ ವಾದ. ಅವನದು 243. ಸಣ್ಣ ಗುಂಡು, ಹಗುರ; ಹಾರಿಸಿದಾಗ ಹೆಗಲಿಗೆ ಅಷ್ಟಾಗಿ ಒದೆಯುವುದಿಲ್ಲ. 308ರ ಗುಂಡು ದಪ್ಪ, ಭಾರ. ಹಂದಿಯನ್ನೂ ಬೀಳಿಸುತ್ತದೆ, ಕುದುರೆಯಷ್ಟು ಎತ್ತರ ಬೆಳೆಯುವ ಕಡವೆಯನ್ನೂ ಬೀಳಿಸುತ್ತದೆ. ಆದರೆ ಒದೆಯುತ್ತದೆ. ಶ್ರೀಧರನ ಬಲಹೆಗಲು ಕಂಪ್ಯೂಟರಿನ ಮುಂದೆ ಕುಳಿತು ಕುಳಿತು ಮೊದಲೇ ಬಿಗಿದುಕೊಂಡಿದೆ. ಅಭ್ಯಾಸದ ರೇಂಜಿನಲ್ಲಿ ಯಾರದೋ 308 ಹಿಡಿದಾಗ, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿದನಂತೆ.

ಇದಿಷ್ಟೂ ನನಗೆ ಹೇಗೆ ಗೊತ್ತು? ತಿಂಗಳುಗಟ್ಟಲೆ ಊಟದ ಮೇಜಿನಲ್ಲಿ ಸಾರಿಗೆ ಒಗ್ಗರಣೆ ಬಿದ್ದಂತೆ ಇದೇ ಚರ್ಚೆ ಬೀಳುತ್ತಿತ್ತು. ಪ್ರಸನ್ನ ಬ್ಲ್ಯಾಕ್‌ಟೌನಿನಿಂದ ಫೋನಿನ ಸ್ಪೀಕರಿನಲ್ಲಿ, ಶ್ರೀಧರ ಅನ್ನದ ಮುಂದೆ. ಬೇಡವೆಂದರೂ ಕಿವಿಗೆ ಬಿದ್ದ ಮಾತುಗಳಲ್ಲಿ ಒಂದು ನನಗೆ ಚೆನ್ನಾಗಿ ನೆನಪಿತ್ತು. ಈ ವಿಕ್ಟೋರಿಯಾ ರಾಜ್ಯದಲ್ಲಿ 243ರಂಥ ಸಣ್ಣ ಗುಂಡಿನಿಂದ ಕಡವೆಯನ್ನು ಹೊಡೆಯುವುದು ಕಾನೂನಿಗೇ ವಿರುದ್ಧ.

ಹಾಗಾದರೆ ಚೀಟಿ ಏಕೆ?

ಗಂಧದ ಕೊರಡನ್ನು ಕೆಳಗಿಟ್ಟು ಅದನ್ನೇ ಕೇಳಿದೆ. ಪ್ರಸನ್ನ ನಕ್ಕ.

"ಅಯ್ಯೋ ದೊಡ್ಡಪ್ಪ, ಆ ಬೆಟ್ಟದಲ್ಲಿ ಯಾರು ಬಂದು ನೋಡ್ತಾರೆ? ಶಾಟ್ ಕರೆಕ್ಟಾಗಿ ಬಿದ್ರೆ ಎಲ್ಲಾ ಒಂದೇ."

ಬಾಗಿಲಲ್ಲಿ ಕಾರಿನ ಹಾರಕ್ಕೆ ದಾರ ಕಟ್ಟುತ್ತಿದ್ದ ಶ್ರೀಧರ ತಲೆಯೆತ್ತದೆ ಹೇಳಿದ: "ಅವತ್ತು ಬೀಳ್ಲಿಲ್ಲವಲ್ಲ, ಪ್ರಸನ್ನ."

ಮಂಗಳಾರತಿಯ ತಟ್ಟೆ ಹಿಡಿದು ಬಂದ ನನ್ನ ಮಗಳು ವಾಣಿ ಅಲ್ಲೇ ನಿಂತಳು. ಯಾವತ್ತು, ಏನು ಎಂದು ಅವಳೇ ಕೇಳಿದಳು. ಶ್ರೀಧರ ತಡವರಿಸುತ್ತ ಹೇಳಿದ. ಕಳೆದ ಚಳಿಗಾಲದಲ್ಲಿ ಪ್ರಸನ್ನ ವೀಕೆಂಡಿಗೆ ಬಂದಾಗ ಇಬ್ಬರೂ ಬೆಟ್ಟಕ್ಕೆ ಹೋಗಿದ್ದರು. ಶ್ರೀಧರನ ಕೈಯಲ್ಲಿ ಕೋವಿ ಇರಲಿಲ್ಲ. ನೋಡಿ ಕಲಿಯಲು ಹೋದವನು. ತೊರೆಯ ಅಂಚಿನಲ್ಲಿ ನೀರು ಕುಡಿಯುತ್ತಿದ್ದ ಕಡವೆಗೆ ಪ್ರಸನ್ನ ತನ್ನ ಹಂದಿಯ ಕಾಡತೂಸಿನಿಂದಲೇ ಗುಂಡಿಕ್ಕಿದ. ಅದು ಮಂಡಿಯೂರಿ ಕುಸಿಯಿತು, ಮತ್ತೆ ಎದ್ದಿತು, ಜರೀಗಿಡಗಳು ಕವಿದ ಕೊರಕಲಿಗೆ ಇಳಿದು ಮರೆಯಾಯಿತು. ರಕ್ತದ ಜಾಡು ಹಿಡಿದು ಹುಡುಕಿದರು. ಕೆಳಗೆಲ್ಲೋ ಒಮ್ಮೆ ಅದು ಕೂಗಿದ್ದು ಕೇಳಿಸಿತಂತೆ. ಅಷ್ಟೇ. ಸಿಗಲಿಲ್ಲ.

"ಮತ್ತೆ ಹುಡುಕ್ಲಿಲ್ವಾ?" ಎಂದಳು ವಾಣಿ.

"ಸಂಡೇ ಈವ್ನಿಂಗ್ ಫ್ಲೈಟ್ ಇತ್ತು ಅಕ್ಕ," ಎಂದ ಪ್ರಸನ್ನ. "ಏನ್ ಮಾಡೋದು?"

ನನಗೆ ಕೋಪ ಬಂತು. ಕೋಪವನ್ನು ಗೆಲ್ಲಬೇಕೆಂದು ತಲೆಮಾರುಗಳಿಗೆ ಪಾಠ ಹೇಳಿದವನು ನಾನು. ಅಂದು ಗೆಲ್ಲಲಿಲ್ಲ, ಗೆಲ್ಲಬೇಕೆಂದು ಅನ್ನಿಸಲೂ ಇಲ್ಲ. ಪಟದ ಕೆಳಗಿನ ಚೀಟಿಗಳೆರಡನ್ನೂ ತೆಗೆದು ಅವನ ಅಂಗೈಯಲ್ಲಿಟ್ಟೆ.

"ಆ ಬೆಟ್ಟದಲ್ಲಿ ನಿನ್ನನ್ನ ನೋಡದೇ ಇರೋಳು, ಈ ಪಟದಲ್ಲಿ ಕೂತು ನಿನ್ನ ಚೀಟಿ ಓದ್ತಾಳೇನೋ?"

ಪ್ರಸನ್ನನ ಮುಖ ಕೆಂಪಾಯಿತು. ಆದರೆ ಅವನೂ ಬಿಡಲಿಲ್ಲ: "ನೀವು ಪಕ್ಕಾ ವೆಜಿಟೇರಿಯನ್ನು. ನಿಮಗೆ ಯಾವ ಗುಂಡಾದ್ರೂ ತಪ್ಪೇ ಬಿಡಿ, ದೊಡ್ಡಪ್ಪ."

ಅಲ್ಲ. ಇದನ್ನು ಅವನಿಗೂ ನಿಮಗೂ ಬಿಡಿಸಿ ಹೇಳಬೇಕು. ನಾನು ತಿನ್ನುವುದಿಲ್ಲ, ಕೊಲ್ಲುವುದಿಲ್ಲ. ಅದು ನನ್ನ ವ್ರತ. ಆದರೆ ಹಂದಿಗಳು ಉತ್ತು ಹಾಳುಮಾಡಿದ ಹೊಲದ ಫೋಟೋವನ್ನು ಪ್ರಸನ್ನನೇ ತೋರಿಸಿದ್ದಾನೆ. ಆ ರೈತನಿಗೆ ಅಹಿಂಸೆಯ ಉಪನ್ಯಾಸ ಕೊಡುವ ಧೈರ್ಯ ನನಗಿಲ್ಲ. ಸೂಪರ್ ಮಾರ್ಕೆಟಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಮಾಂಸದ ತಟ್ಟೆಯನ್ನು ಟ್ರಾಲಿಗೆ ಹಾಕಿಕೊಂಡು, ಕೋವಿಯ ಹೆಸರು ಕೇಳಿದೊಡನೆ ಕೆನ್ನೆ ಬಡಿದುಕೊಳ್ಳುವವರ ಸಾಲಿಗೂ ನಾನು ಸೇರಲಾರೆ. (ಈ ವಾಕ್ಯಕ್ಕೆ ಬರುವ ಬೈಗುಳಗಳನ್ನು ಈಗಲೇ ಸ್ವೀಕರಿಸಿದ್ದೇನೆ.) ಕೊಲ್ಲುವುದೇ ನಿಶ್ಚಯವಾದರೆ, ಸಾಯುವ ಜೀವ ನಿಂತಲ್ಲೇ ಸಾಯಬೇಕು. ಕೊರಕಲಿಗೆ ಇಳಿದು ಒಂಟಿಯಾಗಿ ನರಳಬಾರದು. ಕೊಲ್ಲುವವನ ಕೈಯಲ್ಲಿ ಉಳಿದಿರುವ ಧರ್ಮ ಅಷ್ಟೇ. ಅಷ್ಟನ್ನಾದರೂ ಉಳಿಸಿಕೊಳ್ಳಬೇಡವೇ?

ಒಂದು ಮಾತು ಒಪ್ಪುತ್ತೇನೆ. ಕಣ್ಣುಮುಚ್ಚಿ ಹಾರಿಸಿದ ದೊಡ್ಡ ಗುಂಡಿಗಿಂತ ಗುರಿಯಲ್ಲಿ ಬಿದ್ದ ಸಣ್ಣ ಗುಂಡು ಮೇಲು ಎಂದು ಪ್ರಸನ್ನ ಹೇಳುವುದು ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ಸಣ್ಣ ಗುಂಡೇ? ಕಣ್ಣು ತೆರೆದಿಡುವುದನ್ನು ಕಲಿಯುವುದಲ್ಲವೇ? ಹೆಗಲು ಪಳಗದಿದ್ದರೆ ಕಾಡಿಗೆ ಹೋಗದಿರುವುದಲ್ಲವೇ? ಎರಡೂ ಪ್ರಾಣಿಗಳಿಗೆ ಒಂದೇ ಕಾಡತೂಸು ಬೇಕೆಂದರೆ, ಎರಡರಲ್ಲಿ ದೊಡ್ಡ ಪ್ರಾಣಿಯನ್ನು ನೋಡಿ ಆರಿಸಬೇಕು. ತನ್ನ ಹೆಗಲನ್ನು ನೋಡಿ ಅಲ್ಲ. ಇದಕ್ಕೆ ದೇವಿ ಬೇಕಿರಲಿಲ್ಲ.

ನನ್ನನ್ನು ಹೆಚ್ಚು ಸುಟ್ಟದ್ದು ಆ ಚೀಟಿ. ದೇವರ ಮುಂದೆ ಚೀಟಿ ಎತ್ತುವುದನ್ನೂ ಹೂವಿನ ಪ್ರಸಾದ ಕೇಳುವುದನ್ನೂ ನಾನು ಭಕ್ತಿಯಿಂದ ಕಂಡವನು. ಬುದ್ಧಿಯೆಲ್ಲ ಖರ್ಚಾದ ಮೇಲೆ, ಇನ್ನು ನನ್ನಿಂದಾಗದು ತಾಯಿ ಎಂದು ಕೈಚೆಲ್ಲಿದವನಿಗೆ ಅದು ಆಸರೆ. ಉತ್ತರ ಗೊತ್ತಿದ್ದೂ ಅದು ಕಷ್ಟವೆಂದು ಬೇರೆ ಉತ್ತರಕ್ಕೆ ದೇವರ ಸಹಿ ಹಾಕಿಸಿಕೊಳ್ಳುವವನಿಗಲ್ಲ. ನಮ್ಮ ಸಬರ್ಬಿನಲ್ಲೇ ನೋಡಿದ್ದೇನೆ. ತಾಯಿಯನ್ನು ಊರಿಗೆ ವಾಪಸ್ ಕಳಿಸಬೇಕೇ ಬೇಡವೇ ಎಂದು ಒಬ್ಬರು ನನ್ನಿಂದಲೇ ಹೂ ಕೇಳಿಸಿದರು. ಬಲಗಡೆಯ ಹೂ ಬಿತ್ತು, ಕಳಿಸಬಹುದು ಎಂದಾಯಿತು. ಆಮೇಲೆ ಆ ತಾಯಿಯೇ ನನಗೆ ಮೆಲ್ಲಗೆ ಹೇಳಿದರು: "ಟಿಕೆಟ್ ಹೋದ ವಾರಾನೇ ಬುಕ್ ಆಗಿದೆ, ಆಚಾರ್ರೇ."

ಪಾಪ ಯಾರದು? ಹೂವಿನದೇ?

ಪೂಜೆ ನಿಲ್ಲಲಿಲ್ಲ. ಕಾರಿಗೆ, ಲ್ಯಾಪ್‌ಟಾಪಿಗೆ, ಅಡುಗೆಮನೆಯ ಈಳಿಗೆಮಣೆಗೆ, ವಾಣಿಯ ಹೊಲಿಗೆ ಮೆಷಿನ್ನಿಗೆ ಕುಂಕುಮವಿಟ್ಟು ಆರತಿ ಎತ್ತಿದೆ. ಆಯುಧವೆಂದರೆ ನಮ್ಮ ಕೈಯ ಹೊಣೆ; ಅದನ್ನು ವರ್ಷಕ್ಕೊಮ್ಮೆ ನೆನಪಿಸುವುದಕ್ಕೇ ಈ ಹಬ್ಬ ಎಂದು ನಾನು ನಂಬಿದ್ದೇನೆ. ಪ್ರಸನ್ನ ಹೋಳಿಗೆ ತಿಂದು, ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡೇ ಏರ್‌ಪೋರ್ಟಿಗೆ ಹೊರಟ. ಹೊರಡುವಾಗ ಕಾಲಿಗೆರಗಿದ. ಹರಸಿದೆ. ಊರು ಸೇರಿದೊಡನೆ ಫೋನ್ ಮಾಡುವವನು ಈ ಸಲ ಮಾಡಿಲ್ಲ. ಮಾಡದಿರಲಿ. ನನ್ನ ಕೋಪವೂ ಇನ್ನೂ ಇಳಿದಿಲ್ಲ.

ಹಬ್ಬದ ಸಂಜೆಯೇ ಶ್ರೀಧರ ಬಂದು ನನ್ನ ಕುರ್ಚಿಯ ಪಕ್ಕ ನಿಂತ.

"ಮಾವ, ತ್ರೀ-ಓ-ಎಯ್ಟೇ ತಗೋತೀನಿ. ಆದ್ರೆ ಕಣ್ಣು ಮುಚ್ಚೋದು ನಿಲ್ಲೋವರೆಗೂ ಕಾಡಿನ ಕಡೆ ಹೋಗಲ್ಲ."

ಹೇಳಿದಂತೆಯೇ ಈ ಶನಿವಾರ ರೇಂಜಿಗೆ ಹೋಗಿದ್ದ. ಗೆಳೆಯನ ಕೋವಿ, ಕಾಗದದ ಗುರಿ. ಸಂಜೆ ಬಂದವನ ಹೆಗಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ವಾಣಿ ಗೊಣಗುತ್ತ ಮುಲಾಮು ಹಚ್ಚುತ್ತಿದ್ದಳು. ನಾನಾದರೂ ಬೇಡವೆನ್ನಬಾರದೇ ಎಂದು ನನ್ನ ಕಡೆ ತಿರುಗಿದಳು. ನಾನು ಅನ್ನಲಿಲ್ಲ.

ಗುಂಡಿನ ನೋವು ಏನೆಂದು ಕಡವೆಗಿಂತ ಮೊದಲು ಕೋವಿ ಹಿಡಿದವನ ಹೆಗಲಿಗೆ ತಿಳಿಯಲಿ ಎಂದರೆ, ಅದು ಅತಿಯಾಯಿತೇ?