ಟೈಲರಮ್ಮನ ನೀಲಿ ಗಂಟೆ ಹೂ

ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು ಟೈಲರಮ್ಮನ ಕಸುಬು. ಇಡೀ ದಿನ ಪರರ ಬಟ್ಟೆ ಬಿಚ್ಚಿ ಹೊಲಿಯುವ ಅವಳಿಗೆ ತನ್ನದೇ ಎಂದು ಇದ್ದದ್ದು ಒಂದು ಆಸೆ: ಬಾಲ್ಕನಿಯಲ್ಲಿ ನೀಲಿ ಗಂಟೆ ಹೂ ಅರಳಬೇಕು.

ಮೊದಲ ಸಲ ಬೀಜವನ್ನು ಆಳಕ್ಕೆ ಹೂತಳು. ಒಂದೂ ಮೊಳೆಯಲಿಲ್ಲ. ಧೂಳಿನಂಥ ಬೀಜ, ಅದಕ್ಕೆ ಬೆಳಕು ಬೇಕು, ಮಣ್ಣಿನ ಮೇಲೆ ಉದುರಿಸಿದರೆ ಸಾಕು ಎಂದು ನರ್ಸರಿಯವನು ಆಮೇಲೆ ಹೇಳಿದ.

"ಮಾರೋವಾಗ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?" ಎಂದು ಬೈದು ಮತ್ತೆ ಬೀಜ ತಂದಳು.

ಈ ಸಲ ಸಸಿಗಳೆದ್ದವು. ಆದರೆ ಅತ್ತೆ, ಪಾಪ ಬಾಯಾರಿರಬೇಕೆಂದು ಹೊತ್ತುಹೊತ್ತಿಗೂ ನೀರು ಸುರಿದು ಬೇರು ಕೊಳೆಸಿದರು. ಟೈಲರಮ್ಮ ಹಲ್ಲು ಕಚ್ಚಿ ಮತ್ತೆ ಬೀಜ ತಂದಳು.

ಮೂರನೆಯ ಸಲ ಗಿಡಗಳು ಉಳಿದವು. ಆದರೆ ಆ ಜಾತಿ ಹೂ ಬಿಡುವುದು ಎರಡನೆಯ ವರ್ಷ. ಮೊದಲ ವರ್ಷವೆಲ್ಲ ಮಣ್ಣಿಗಂಟಿಕೊಂಡ ಎಲೆಗಳೇ.

"ಏನೇ, ಸೊಪ್ಪು ಸಾಕ್ತಿದ್ದೀಯಾ? ತಿನ್ನೋಕಾದ್ರೂ ಬರುತ್ತಾ?" ಎಂದು ಲಿಫ್ಟ್ ರಿಪೇರಿ ಮಾಡುವ ಗಂಡ ಕಿಚಾಯಿಸಿದ. ಅವನಿಗಿಂತ ಮೊದಲೇ ಬಸವನಹುಳುಗಳು ರುಚಿ ನೋಡಿದ್ದವು. ಅವಳು ಬೆಳಗ್ಗೆ ಎದ್ದು ಎಲೆಯಡಿ ಹುಡುಕಿ, ಒಂದೊಂದನ್ನೇ ಕಿತ್ತೆಸೆದರೂ ಕೊನೆಗೆ ಉಳಿದದ್ದು ಒಂದೇ ಗಿಡ.

ಮರುವರ್ಷ ಅದು ದಂಟು ಎತ್ತಿತು. ಹಳೆಯ ಮರದ ಅಳತೆಪಟ್ಟಿಯ ಆಸರೆ ಕೊಟ್ಟು ಬಟ್ಟೆಚೂರಿನಿಂದ ಸಡಿಲವಾಗಿ ಕಟ್ಟಿದಳು. ಒಂದು ಬೆಳಗ್ಗೆ ತುದಿಗೆ ಅಂಚು ಮಡಿಸಿದ ನೀಲಿ ಗಂಟೆಯೊಂದು ಅರಳಿತ್ತು. ಅಂಗಡಿಗೆ ಹೊತ್ತಾಗಿತ್ತು, ಸಂಜೆ ಕೂತು ನೋಡೋಣವೆಂದು ಓಡಿದಳು.

ಸಂಜೆ ಬಂದರೆ ದಂಟು ಊಟದ ಮೇಜಿನ ಮೇಲೆ, ಗಾಜಿನ ಲೋಟದಲ್ಲಿ. ಸುತ್ತ ಅತ್ತೆಯ ಗೆಳತಿಯರು.

"ನೋಡ್ರೇ, ನನ್ನ ಸೊಸೆ ಬೆಳೆಸಿದ್ದು!" ಎನ್ನುತ್ತಿದ್ದರು ಅತ್ತೆ.

"ಕತ್ತರಿಸಿಬಿಟ್ರಾ ಅತ್ತೆ? ನಾನಿನ್ನೂ ಕಣ್ತುಂಬ ನೋಡೇ ಇರ್ಲಿಲ್ಲ! ಈ ಮನೇಲಿ ನಂದು ಅಂತ ಏನಾದ್ರೂ ಇದ್ಯಾ?" ಮದುವೆಯಾಗಿ ಬಂದ ಮೇಲೆ ಅವಳು ಆ ಮನೆಯಲ್ಲಿ ದನಿಯೆತ್ತಿದ್ದು ಅದೇ ಮೊದಲು. ಗೆಳತಿಯರು ಚಪ್ಪಲಿ ಹುಡುಕಿಕೊಂಡರು.

ಎಲ್ಲರೂ ಹೋದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: "ನಿನ್ನ ಹೊಗಳೋಣ ಅಂತಾನೇ ಕಣಮ್ಮ ಕರೆಸಿದ್ದು. ಮುಟ್ಟಬೇಡಿ ಅಂತ ಒಂದು ಮಾತು ಹೇಳೋಕೇನಾಗಿತ್ತು?"

ಅವಳು ಹೇಳಿರಲಿಲ್ಲ, ನಿಜ. ಅದಕ್ಕೆ ಸಿಟ್ಟೇನೂ ಇಳಿಯಲಿಲ್ಲ. ಲೋಟವನ್ನೆತ್ತಿ ಮನೆಯಲ್ಲಿದ್ದ ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡು, ಹೂ ಬಾಡುವವರೆಗೂ ಅತ್ತೆಯೊಡನೆ ಮಾತು ಬಿಟ್ಟಳು.

ಈಗ ಹೊಸ ಸಸಿಗಳಿವೆ. ಅತ್ತೆಗೆ ಬಾಲ್ಕನಿ ನಿಷಿದ್ಧ. ಹೊಸ್ತಿಲ ಒಳಗೇ ಕುರ್ಚಿ ಹಾಕಿಕೊಂಡು, ಗಿಡಗಳಿಗೆ ಬರುವ ಪಾರಿವಾಳ ಓಡಿಸುತ್ತಾರೆ. ಗಿಡಗಳಲ್ಲಿ ಇನ್ನೂ ಬರೀ ಎಲೆ.