ಅತ್ತೆ ದ್ವೀಪಕ್ಕೆ ಇಳಿಯಲಿಲ್ಲ

ಗೆಳೆಯರೇ, ತಲೆಯಿಂದ ಇನ್ನೂ ಉಪ್ಪುನೀರು ಸೋರುತ್ತಿದೆ, ಆದರೂ ಇದನ್ನು ಈಗಲೇ ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ!

ಬೆಳಿಗ್ಗೆ ನಮ್ಮ ಹಡಗು ಲಕ್ಷದ್ವೀಪದಲ್ಲಿ ನಿಂತಿತು. ಹಡಗಿನೊಳಗೆ, ದ್ವೀಪ ಪ್ರವಾಸದ ಟಿಕೆಟ್ ಕೊಡುವ ಕೌಂಟರಿನ ಮುಂದೆ ನಮ್ಮದೇ ಗಲಾಟೆ. ನನಗೆ ನೀರಿಗಿಳಿದು ಹವಳ ನೋಡುವ ಆಸೆ, ನಮ್ಮ ಯಜಮಾನರಿಗೆ ಗಾಜಿನ ತಳದ ದೋಣಿಯೇ ಬೇಕು. ನಮ್ಮ ಹಳ್ಳಿ ತುಕ್ಕಾನಟ್ಟಿಯಿಂದ ಮೊದಲ ಸಲ ಸಮುದ್ರ ನೋಡಲು ಬಂದ ಅತ್ತೆ ಮಾತ್ರ, "ನಾ ಎಲ್ಲೂ ಬರಂಗಿಲ್ಲ, ನೀವ್ ಹೋಗಿ ಬರ್ರಿ" ಎಂದರು.

ಯಜಮಾನರು ರೇಗಿದರು. "ಯವ್ವಾ, ಇಷ್ಟ ದೂರ ಬಂದು ಹಡಗಿನ್ಯಾಗ ಕುಂಡರತೀಯೇನ?"

"ಎಲ್ಲಾರೂ ಇಳದ ಹೋಗಾಕತ್ತಾರಲ್ಲೋ, ಅದಕ್ಕ!"

ಅರ್ಥವಾಗದೆ ಹೊರಟೆವು. ಕೊನೆಗೆ ನಾನು ಗೆದ್ದೆ. ಚೂಡಿದಾರದಲ್ಲೇ ಸೊಂಟಮಟ್ಟದ ನೀರಿಗಿಳಿದು, ಗೈಡ್ ಕೈ ಬಿಡದೆ, ಕಿರುಚುತ್ತಲೇ ತಲೆ ಮುಳುಗಿಸಿ ಹವಳ ನೋಡಿದೆ.

ವಾಪಸ್ ಬಂದು ಮೇಲಿನ ಡೆಕ್ಕಿಗೆ ಹೋದರೆ, ಖಾಲಿ ಈಜುಕೊಳದಲ್ಲಿ ಅತ್ತೆ ಒಬ್ಬರೇ ಈ ತುದಿಯಿಂದ ಆ ತುದಿಗೆ ಈಜುತ್ತಿದ್ದಾರೆ! ಕಾವಲಿನ ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಾಳೆ.

"ಸಣ್ಣಾಕಿ ಇದ್ದಾಗ ನಮ್ಮ ಬಾಂವ್ಯಾಗ ಈಸ್ತಿದ್ನಿ. ಲಗ್ನ ಆದಮ್ಯಾಲ ಇವತ್ತ ನೀರಿಗಿಳದೀನಿ ನೋಡವ್ವಾ! ಮಂದಿ ಮುಂದ ಹೆಂಗ ಇಳೀಲಿ? ಎರಡ ದಿನಾ ಕಾದ್ನಿ."

ನಾನು ಅತ್ತೆಯ ಮೈಮೇಲಿನ ಬಟ್ಟೆಯನ್ನೇ ನೋಡುತ್ತಿದ್ದೆ. ಗೋಕಾಕಿನಲ್ಲಿ ಕೊಂಡು, ಅತ್ತೆ ಏನಂದಾರೋ ಎಂದು ಹೆದರಿ ನಾನು ಬ್ಯಾಗಿನ ತಳದಲ್ಲಿ ಬಚ್ಚಿಟ್ಟಿದ್ದ ಹೊಸ ಈಜುಡುಗೆ ಅದು!