ಅಂಗೈಗೆ ಕೇಳಿದ ಆವಾಜು

ಹೊಗೆ ಕೊಳವೆಯಲ್ಲಿ ಮರಳು ಇನ್ನೂ ಅರ್ಧಕ್ಕೇ ನಿಂತಿದೆ. ಶಬಾನಾ ಮತ್ತೊಂದು ಬೊಗಸೆ ಸುರಿದು, ಕಟ್ಟಿಗೆಯ ತುಂಡಿನಿಂದ ಕೊಳವೆಯ ಮೈಯನ್ನು ತಟ್ಟುತ್ತಾ ಬರುತ್ತಾರೆ. ಟೊಳ್ಳಿರುವಲ್ಲಿ ಅದು ಠಣ್ ಎನ್ನುತ್ತದೆ, ತುಂಬಿರುವಲ್ಲಿ ದಪ್ ಎನ್ನುತ್ತದೆ. ಉದ್ದಕ್ಕೂ ದಪ್ ಎನ್ನುವವರೆಗೆ ಅವರು ಬಿಡುವುದಿಲ್ಲ. ನಿಪ್ಪಾಣಿಯ ಹೊರಗೆ, ಸ್ತವನಿಧಿ ಘಾಟಿನ ಬುಡದಲ್ಲಿರುವ ಈ ತಗಡಿನ ಶೆಡ್ಡಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ರಸ್ತೆಯಲ್ಲಿ ಬಸ್ಸೊಂದು ಹೋಗುತ್ತದೆ. ಶಬಾನಾ ತಲೆ ಎತ್ತದೆಯೇ, "ಅದರ ಸೈಲೆನ್ಸರ್ ಡಬ್ಬಿ ಸೀಳೇತಿ ನೋಡ್ರಿ" ಎನ್ನುತ್ತಾರೆ.

ಮರಳು ತುಂಬಿ ಕಾಸಿದರೆ ಕೊಳವೆ ಚಪ್ಪಟೆಯಾಗದೆ ಬಾಗುತ್ತದೆ. ತಿರುವಿನಲ್ಲಿ ಚಪ್ಪಟೆಯಾದರೆ ಹೊಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಮರಳು ಹಸಿಯಿದ್ದರೆ ಇನ್ನೂ ಕೇಡು. ಒಳಗೆ ಆವಿ ಹುಟ್ಟಿ, ಬಾಯಿಗೆ ಬಡಿದ ಬೆಣೆ ಗುಂಡಿನಂತೆ ಹಾರುತ್ತದೆ.

"ನಿನ್ನೆ ಸಂಜಿಕ ಮನ್ಯಾಗ ಹುರದೀನ್ರಿ ಮರಳ. ನಮ್ಮ ಹುಡುಗಿ 'ಅಮ್ಮೀ, ಶೇಂಗಾ ಹುರ್ಯಾಕತ್ತೀ?' ಅಂತ ಓಡಿ ಬಂದ್ಲು. ಮರಳ ನೋಡಿ ಸಿಟ್ಟಾಗಿ ಹೋದ್ಲು" ಎಂದು ನಗುತ್ತಾರೆ.

ಈ ಕೊಳವೆ ಶೆಡ್ಡಿನ ನಡುವೆ ನಿಂತಿರುವ ಕೆಂಪು ಕಾರಿನದು. ಒಂದು ಕಾಲಕ್ಕೆ ವೇಗಕ್ಕೆ ಹೆಸರಾಗಿದ್ದ ಕಾರು. ಈಗ ಬಾಗಿಲ ಅಂಚಿನಲ್ಲಿ ತುಕ್ಕು ಹಿಡಿದಿದೆ. ಶಿರಗುಪ್ಪಿಯ ಕಬ್ಬು ಬೆಳೆಗಾರ ಶ್ರೀಪಾಲ ಕಾಲೇಜಿನಲ್ಲಿದ್ದಾಗಿನಿಂದ ಇದರ ಮೇಲೆ ಕಣ್ಣಿಟ್ಟವರು, ತಲೆ ನರೆತ ಮೇಲೆ ಕೊಂಡಿದ್ದಾರೆ. ಕೊಂಡವರು ಮೊದಲು ಮಾಡಿಸಿದ್ದು ಆವಾಜು. ಎಲ್ಲೋ ಒಂದು ಕಡೆ ಮುಷ್ಟಿ ಹೋಗುವಷ್ಟು ಅಗಲದ ಪೈಪು ಹಾಕಿಸಿದರು. ಆವಾಜು ಬಂತು, ಜಗ್ಗುವ ಶಕ್ತಿ ಹೋಯಿತು. ಘಾಟಿನಲ್ಲಿ ಟ್ರ್ಯಾಕ್ಟರನ್ನೂ ದಾಟಲಾಗದೆ ಗೇರು ಇಳಿಸಬೇಕು. ಹೆಂಡತಿ ಮನಿಷಾ ಇದರಲ್ಲಿ ಚಿಕ್ಕೋಡಿಗೆ ಹೋದವರು ಬರುವಾಗ ಬಸ್ಸು ಹತ್ತಿದರಂತೆ. "'ಬಸ್ಸಿನ್ಯಾಗ ನಿದ್ದಿ ಆದ್ರೂ ಬರತೈತಿ' ಅಂದ್ಲರಿ" ಎಂದು ಶ್ರೀಪಾಲರೇ ಹೇಳಿಕೊಳ್ಳುತ್ತಾರೆ.

ಶಕ್ತಿ ಹೋದದ್ದಕ್ಕೆ ಶಬಾನಾ ಕೊಡುವ ವಿವರಣೆ ತಂಬಾಕಿನ ಊರಾದ ನಿಪ್ಪಾಣಿಗೆ ತಕ್ಕದ್ದು. "ಲಗ್ನಕ್ಕ ಮೊದಲ ಅಮ್ಮಿ ಜೋಡಿ ಬೀಡಿ ಸುತ್ತತಿದ್ದೆ. ಬಿಗಿ ಸುತ್ತಿದ್ರ ಜಗ್ಗಾಕ ಬರೂದಿಲ್ಲ. ಸಡ್ಲ ಸುತ್ತಿದ್ರ ನಡುವ ಆರಿ ಹೋಗತೈತಿ. ಗಾಡಿ ಹೊಗಿನೂ ಹಂಗರಿ. ಅದಕ್ಕ ಓಟ ಬೇಕು. ಸಣ್ಣ ಎಂಜಿನ್ನಿಗೆ ದೊಡ್ಡ ಪೈಪ ಹಚ್ಚಿದ್ರ ಹೊಗಿ ಒಳಗ ಅಡ್ಡಾಡಕೋತ ಹೊಂಟಬಿಡತೈತಿ."

ಹಾಗಾಗಿ ಹೊಸ ಪೈಪು ಸಣ್ಣದಾಗಿದೆ. ಕೂತವರ ತಲೆಯೊಳಗೆ ಗುಂಯ್‌ಗುಡುವುದನ್ನು ನುಂಗಲು ನಡುವೆ ಒಂದು ತೆಳ್ಳನೆಯ ಡಬ್ಬಿ. ಹಿಂಬದಿಯ ತುದಿಗೆ ಯಾವ ಸೈಲೆನ್ಸರ್ ಎಂಬುದೇ ಬಹಳ ಹೊತ್ತಿನ ಯೋಚನೆ. ಒಳಗೆ ಅಡ್ಡಗೋಡೆಗಳಿರುವ ಡಬ್ಬಿ ಸದ್ದು ಅಡಗಿಸುತ್ತದೆ, ಆದರೆ ಹೊಗೆಯನ್ನು ಸುತ್ತಾಡಿಸುತ್ತದೆ. ಹಳೆಯ ಸ್ಪೋರ್ಟ್ಸ್ ಎಂಜಿನ್ನಿಗೆ ಅದು ಒಗ್ಗುವುದಿಲ್ಲ. ನೇರ ಕೊಳವೆಗೆ ತೂತು ಕೊರೆದು ಸುತ್ತ ಗಾಜಿನ ಉಣ್ಣೆ ತುಂಬಿದ್ದು ಒಳ್ಳೆಯದು. ಅದರಲ್ಲಿ ಗಿಡ್ಡದೋ ಉದ್ದದ್ದೋ? "ಗಿಡ್ಡಂದು ಒದರತೈತಿ, ಉದ್ದಂದು ಮಾತಾಡತೈತಿ" ಎಂದು ಶಬಾನಾ ಉದ್ದನೆಯದನ್ನು ಎತ್ತಿಕೊಳ್ಳುತ್ತಾರೆ.

ಶೆಡ್ಡು ಮಾವ ಮಲಂಗಸಾಬರದು. ಲಾರಿಗಳ ಕೆಳಗೇ ಹರೆಯ ಕಳೆದವರು. ಮಗ ಶಾಕೀರ ಲಾರಿ ಓಡಿಸುವುದನ್ನು ಹಿಡಿದರು, ಡಬ್ಬಿ ಬೆಸೆಯುವುದನ್ನಲ್ಲ. ಬುತ್ತಿ ತರುತ್ತಿದ್ದ ಸೊಸೆ ಶಬಾನಾ ಒಂದು ದಿನ ಪೈಪಿನ ತುದಿ ಹಿಡಿದು ನಿಂತರು, ಮತ್ತೆ ಬಿಡಲಿಲ್ಲ. ಆದರೂ ಈಗಲೂ ಮಲಂಗಸಾಬರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಕಿವಿಗೊಟ್ಟು, "ಜಾನೇ ದೋ" ಎಂದು ಒಪ್ಪಿಗೆ ಕೊಡದೆ ಯಾವ ಗಾಡಿಯೂ ಇಲ್ಲಿಂದ ಹೊರಡುವುದಿಲ್ಲ. ಅಥಣಿ, ರಾಯಬಾಗದಿಂದ ಜನ ಬರುವುದು ಆ ಮಾತಿಗಾಗಿ. ಕಿವಿ ಮಂದವಾಗಿದೆಯಲ್ಲ ಎಂದರೆ ಮಲಂಗಸಾಬರು, "ಮಂದಿ ಮಾತಿಗಷ್ಟ ಕಿವುಡರಿ, ಗಾಡಿಗಲ್ಲ" ಎನ್ನುತ್ತಾರೆ.

ಆದರೆ ಇತ್ತೀಚೆಗೆ ಒದರುವ ಗಾಡಿಗಳೆಲ್ಲ ಪಾಸಾಗುತ್ತಿವೆ. ಮೆಲ್ಲಗೆ ಮಾತಾಡುವ ಗಾಡಿಗೆ, "ಇದರಾಗ ಜೀವ ಇಲ್ಲ, ಬಿಚ್ಚ" ಎಂಬ ಅಪ್ಪಣೆಯಾಗುತ್ತದೆ. ಶಬಾನಾ ಎದುರಾಡದೆ ಬಿಚ್ಚಿದ್ದಾರೆ. ಈ ಸಲ ಬಿಚ್ಚುವ ಮನಸ್ಸಿಲ್ಲ. ಶ್ರೀಪಾಲರ ಮಾತೂ ಖಡಕ್ಕಾಗಿದೆ: "ಚಾಚಾ ಹೂಂ ಅಂದ್ರ ಒಯ್ಯತೀನಿ, ಇಲ್ಲಂದ್ರ ಹಳೇ ಪೈಪನ ಹಚ್ಚಿಕೊಡವಾ." ಆ ಅಗಲದ ಪೈಪು ಗೋಡೆಗೆ ಒರಗಿ ನಿಂತಿದೆ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಬೋಲ್ಟು ಬಿಗಿಯುತ್ತದೆ. ಶ್ರೀಪಾಲ ಒಳಗೆ ಕೂತು ಕೀಲಿ ತಿರುಗಿಸುತ್ತಾರೆ. ಮಲಂಗಸಾಬರು ಸ್ಟೂಲಿನ ಮೇಲೆ ಕತ್ತು ಓರೆ ಮಾಡಿ ಕಾಯುತ್ತಾರೆ. ಕಾಯುತ್ತಲೇ ಇರುತ್ತಾರೆ.

"ಲೇ ಶ್ರೀಪಾಲ, ಚಾಲೂ ಮಾಡೋ! ಒಳಗ ಕುಂತು ಜಪಾ ಮಾಡಾಕತ್ತೀ ಏನ?"

ಎಂಜಿನ್ನು ಆಗಲೇ ಓಡುತ್ತಿದೆ. ಕೆಳದನಿಯಲ್ಲಿ, ಸಮವಾಗಿ ಓಡುತ್ತಿದೆ. ಶ್ರೀಪಾಲ ಕಿಟಕಿಯಿಂದ ಶಬಾನಾರನ್ನು ನೋಡುತ್ತಾರೆ.

ಶಬಾನಾ ಕೈ ಒರೆಸಿಕೊಂಡು ಹೋಗಿ, "ಅಬ್ಬಾ, ಇಧರ ಆವೊ" ಎಂದು ಮಾವನ ಕೈ ಹಿಡಿದು ಎಬ್ಬಿಸುತ್ತಾರೆ. ಕಾರಿನ ಹಿಂದಕ್ಕೆ ಕರೆತಂದು ಅವರ ಅಂಗೈಯನ್ನು ಬಂಪರಿನ ಮೇಲೆ ಇಡುತ್ತಾರೆ.

ಮಲಂಗಸಾಬರ ಮುಖ ಒಂದು ಕ್ಷಣ ಬಿಳುಚುತ್ತದೆ. ಆಮೇಲೆ ಬೆರಳುಗಳು ತಾವಾಗಿಯೇ ತಾಳ ಹಾಕತೊಡಗುತ್ತವೆ. ಬಗ್ಗಿ ಕೈಯ ಹಿಂಬದಿಯನ್ನು ಪೈಪಿನ ಬಾಯಿಗೆ ಹಿಡಿಯುತ್ತಾರೆ. ಶ್ರೀಪಾಲ ಮೆಲ್ಲಗೆ ಎಕ್ಸಿಲರೇಟರ್ ಒತ್ತುತ್ತಾರೆ. ಹೊಗೆಯ ಉಸಿರು ಒಂದರ ಹಿಂದೊಂದು, ಎಲ್ಲೂ ತಪ್ಪದೆ ಮಾವನ ಕೈಗೆ ಬಡಿಯುತ್ತದೆ.

"ಸೈಲೆನ್ಸರ್ ಅಂದ್ರ ಇದು!" ಎಂದು ಮಲಂಗಸಾಬರು ಒಮ್ಮೆಲೇ ನಗುತ್ತಾರೆ. "ಮಲಂಗಸಾಬನ ಕಿವಿಗೂ ಸಿಗದಂಗ ಮಾಡ್ಯಾಳ ನೋಡ, ಕಳ್ಳಿ! ಜಾನೇ ದೋ!"

"ಇನ್ನ ನಮ್ಮ ಮನಿಷಾ ಬಸ್ಸ ಬಿಟ್ಟಂಗರಿ ಚಾಚಾ" ಎಂದು ಶ್ರೀಪಾಲರೂ ನಗುತ್ತಾರೆ. ಶಬಾನಾ ಮಾತ್ರ ಬಟ್ಟೆಯಿಂದ ಕೈ ಒರೆಸುತ್ತಲೇ ಇರುತ್ತಾರೆ. ಮಾವನ ಮುಖ ಬಿಳುಚಿದ್ದನ್ನು ಅವರು ಹತ್ತಿರದಿಂದ ನೋಡಿದ್ದಾರೆ.

ಕಾರು ಘಾಟಿನ ಕಡೆ ಹೊರಡುತ್ತದೆ. ಶಬಾನಾ ಶೆಡ್ಡಿನ ಅಂಚಿಗೆ ಬಂದು ನಿಲ್ಲುತ್ತಾರೆ. ತಾವು ಸಜ್ಜು ಮಾಡಿದ ಯಾವ ಗಾಡಿಯಲ್ಲೂ ಕೂತು ಅವರು ಘಾಟು ಏರಿಲ್ಲ. ಒಮ್ಮೆ ಏರಬೇಕೆಂಬ ಆಸೆಯಿದೆ. "ಆದ್ರ ಇಲ್ಲಿಂದನೂ ಕೇಳಸ್ತೈತ್ರಿ" ಎಂದು ಕೈ ಎತ್ತಿ ಕಿವಿಗೊಡುತ್ತಾರೆ. "ತಿರುವಿಗೆ ಬಂದ... ಗೇರ ಇಳಸಲಿಲ್ಲ ನೋಡ್ರಿ. ಹೋದ."

ಐನಾಪುರದ ಟೆಂಪೊ ಒಂದು ಒಳಗೆ ಬರುತ್ತದೆ. ಮಲಂಗಸಾಬರು ನಮಾಜಿಗೆ ಹೋಗಿದ್ದಾರೆ. ಶಬಾನಾ ಅದರ ಕೆಳಗೆ ಇಣುಕುವ ಮೊದಲು ಬಾಗಿಲಿಗೆ ಹೋಗಿ, ವರ್ಷಗಳಿಂದ ಅಲ್ಲೇ ಇದ್ದ ಸ್ಟೂಲನ್ನು ಎತ್ತಿಕೊಂಡು ಬರುತ್ತಾರೆ. ಹೊಗೆ ತಾಕದ ಬದಿಗೆ, ಕೂತಲ್ಲಿಂದಲೇ ಗಾಡಿಯ ಬಂಪರಿಗೆ ಕೈ ಎಟಕುವ ಕಡೆ ಇಡುತ್ತಾರೆ. ತಾವೇ ಒಮ್ಮೆ ಕೂತು ಕೈ ಚಾಚಿ ನೋಡಿ, ತುಸು ಮುಂದಕ್ಕೆ ಸರಿಸುತ್ತಾರೆ.

"ಅದ್ಯಾಕ ಅಲ್ಲಿ ಇಟ್ಟೀಯವಾ?" ಎಂದು ಟೆಂಪೊದವರು ಕೇಳುತ್ತಾರೆ.

"ಬಾಗಲದಾಗ ಬಿಸಲ ಭಾಳ ಬರತೈತ್ರಿ" ಎಂದು ಶಬಾನಾ ಬೋಲ್ಟು ಬಿಚ್ಚುವ ಪಾನಾ ಹುಡುಕತೊಡಗುತ್ತಾರೆ. ಬಾಗಿಲಲ್ಲಿ ಈಗ ನೆರಳಿದೆ.